ಹಿತ್ತಿಲ ಬಾಗಿಲಿನ ಅಗುಳಿ

"ಬುದ್ಧಿ, ದೇವರೇ ಕ್ಷಮಿಸಿದ ಮೇಲೂ ಮನೆಯವಳು ಕ್ಷಮಿಸದಿದ್ದರೆ ಅದು ಯಾರ ತಪ್ಪು?"

ಕೇಳಿದವನು ಗುರುಮಲ್ಲ. ಕುಡಿತ ಬಿಡಲೆಂದು ಮಠ ಸೇರಿ, ಗದ್ದುಗೆ ಮುಟ್ಟಿ ಆಣೆ ಮಾಡಿ, ನಿಜವಾಗಿಯೂ ಬಿಟ್ಟವನು. ಹಿಂದಿನ ವಾರ ಊರಿಗೆ ಹೋಗಿದ್ದ. ಹೆಂಡತಿ ಊಟ ಬಡಿಸಿದಳು, ಆದರೆ ಹತ್ತಿರ ಕೂರಲಿಲ್ಲ. ಆ ಸಂಕಟವನ್ನು ಹೊತ್ತುಕೊಂಡೇ ಮಠಕ್ಕೆ ಹಿಂದಿರುಗಿದ್ದ.

ಗುರುಗಳು ಮಜ್ಜಿಗೆಯ ಲೋಟ ಕೆಳಗಿಟ್ಟು ನಕ್ಕರು. "ತಪ್ಪು ಹುಡುಕುವುದರಲ್ಲಿ ಗಟ್ಟಿಗನಪ್ಪ ನೀನು, ಅದೂ ಇನ್ನೊಬ್ಬರದು! ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕೆಲಸದಲ್ಲಿ ಎತ್ತಿದ ಕೈ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ಆದರೆ ಊರಿಗೆ ಉಪಕಾರಿ, ಮನೆಗೆ ಮಾರಿ. ಕತ್ತಲಾದರೆ ಕುಡಿಯುತ್ತಿದ್ದ, ಕುಡಿದರೆ ಹೆಂಡತಿಯನ್ನು ಹೊಡೆಯುತ್ತಿದ್ದ. ಅವಳು ಹಿತ್ತಿಲ ಬಾಗಿಲಿನಿಂದ ಹಿಂದುಗಡೆಯ ಅಣ್ಣನ ಮನೆಗೆ ಓಡುತ್ತಿದ್ದಳು. ಅದಕ್ಕೂ ಒಂದು ಉಪಾಯ ಹುಡುಕಿದ ಮಹಾನುಭಾವ. ಹೊನ್ನೆಮರದಲ್ಲಿ ದಪ್ಪನೆಯ ಅಗುಳಿ ಮಾಡಿ, ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಆ ಬಾಗಿಲಿಗೆ ಕೂರಿಸಿದ. ಮೊದಲು ಅಗುಳಿ ಹಾಕುವುದು, ಆಮೇಲೆ ಹೊಡೆಯುವುದು.

ಒಂದು ಬೆಳಿಗ್ಗೆ ಅವಳು ಎಡಗೈಯಲ್ಲಿ ರಂಗೋಲಿ ಹಾಕುತ್ತಿದ್ದಳು. ಬಲಗೈ ಊದಿಕೊಂಡಿತ್ತು. ಗೆರೆಗಳೆಲ್ಲ ಸೊಟ್ಟಪಟ್ಟ. ಅದನ್ನು ಕಂಡು ಬಡಗಿಗೆ ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು. ಉಟ್ಟ ಬಟ್ಟೆಯಲ್ಲೇ ಒಂದು ಮಠಕ್ಕೆ ಹೋದ.

ಅಲ್ಲಿ ಕುಡಿತ ಬಿಡಲು ಬಂದವರು ಇನ್ನೂ ಹಲವರಿದ್ದರು. ಹಗಲು ದಾಸೋಹದ ಪಾತ್ರೆ ತಿಕ್ಕುವುದು, ಸಂಜೆ ಭಜನೆ. ಭಜನೆ ಮುಗಿದ ಮೇಲೆ ಒಬ್ಬೊಬ್ಬರೂ ತಾವು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ದೇವರ ಮುಂದೆ ಹೇಳಬೇಕು. ಮೊದಮೊದಲು ಬಡಗಿಗೆ ಓಡಿಹೋಗೋಣ ಎನಿಸಿತು. ಪಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದವನು, "ಇವತ್ತೊಂದು ದಿನ ಇದ್ದುಬಿಡು ಮಾರಾಯ, ನಾಳೆಯದು ನಾಳೆಗೆ" ಎಂದ. ಬಡಗಿ ಇದ್ದ. ಹಾಗೆ ಇರುತ್ತಾ ಇರುತ್ತಾ ಕುಡಿತ ಬಿಟ್ಟುಹೋಯಿತು.

ಹಣೆಗೆ ವಿಭೂತಿ ಹಚ್ಚಿಕೊಂಡು ಮನೆಗೆ ಬಂದ. ಹೆಂಡತಿ ಕಾಲಿಗೆ ನೀರು ಕೊಟ್ಟಳು, ಅಡುಗೆ ಮಾಡಿ ಬಡಿಸಿದಳು. ಬಡಿಸಿದವಳು ಹಿತ್ತಿಲ ಬಾಗಿಲು ತೆರೆದಿಟ್ಟು ಅದರ ಪಕ್ಕದಲ್ಲೇ ನಿಂತಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಬಡಗಿ ತಾಳುವಷ್ಟು ತಾಳಿದ. ಒಂದು ದಿನ ತಡೆಯಲಾಗಲಿಲ್ಲ. "ದೇವರ ಮುಂದೆ ಆಣೆ ಮಾಡಿದ್ದೇನೆ ಕಣೇ! ಆ ದೇವರ ಮೇಲೂ ನಂಬಿಕೆ ಇಲ್ಲವಾ ನಿನಗೆ?" ಎಂದು ಕೂಗಿ, ದೇವರ ಗೂಡಿನ ಕಡೆಗೆ ತೋರಿಸಲು ಕೈ ಎತ್ತಿದ.

ಕೈ ಮೇಲೇಳುವಷ್ಟರಲ್ಲಿ ಅವಳು ಹಿತ್ತಿಲು ದಾಟಿಯಾಗಿತ್ತು.

ಬಡಗಿಗೆ ಅವಮಾನವಾಯಿತು. ಸಿಟ್ಟೂ ಬಂತು, ಕುಡಿಯಬೇಕೆನಿಸಿತು. ಹೆಂಡದಂಗಡಿ ಹತ್ತಿರವಿತ್ತು, ಮಠ ದೂರವಿತ್ತು. ಅವನು ದೂರದ್ದಕ್ಕೇ ನಡೆದ. ಅಲ್ಲಿಯ ಹಿರಿಯರ ಮುಂದೆ, "ನಾನು ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಆದರೂ ಓಡುತ್ತಾಳೆ" ಎಂದು ಅತ್ತ.

"ಓಡುವುದಕ್ಕೆ ದಾರಿ ಸರಿಯಾಗಿದೆಯೇನಪ್ಪ?" ಎಂದು ಹಿರಿಯರು ಕೇಳಿದರು.

"ಎಲ್ಲಿಯ ಸರಿ ಸ್ವಾಮಿ, ಬರೀ ಕಲ್ಲು ಮುಳ್ಳು."

"ಹಾಗಾದರೆ ಹೋಗಿ ಸರಿಮಾಡಿ ಕೊಡು."

ಬಡಗಿ ಮನೆಗೆ ಬಂದವನೇ ಅಗುಳಿಯನ್ನು ಕಿತ್ತ. ಸೀಳಿ ನೀರೊಲೆಗೆ ಹಾಕಿದ. ಅವಳ ಕಾಲು ಎಡವುತ್ತಿದ್ದ ಹೊಸ್ತಿಲನ್ನು ಉಜ್ಜೋರಿ ಹಿಡಿದು ಹೆರೆದು ತಗ್ಗಿಸಿದ. ಹಿತ್ತಿಲಿನ ಮುಳ್ಳು ಸವರಿ, ಅಣ್ಣನ ಮನೆಯವರೆಗೂ ಚಪ್ಪಡಿ ಹಾಸಿದ. ಅಕ್ಕಪಕ್ಕದವರಿಗೆ ನಗುವೋ ನಗು. "ಏನಯ್ಯಾ, ಹೆಂಡತಿ ಓಡಿಹೋಗಲೆಂದು ರಾಜಬೀದಿ ಮಾಡುತ್ತಿದ್ದೀಯಾ?" ಎಂದರು. "ಹೌದು ಕಣಪ್ಪ" ಎಂದು ಬಡಗಿಯೂ ನಕ್ಕು ಕೆಲಸ ಮುಂದುವರಿಸಿದ. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಮಳೆ ಹೋಯಿತು, ಚಳಿ ಬಂತು. ವಾರವಾರವೂ ಬಡಗಿ ಮಠದ ಭಜನೆಗೆ ಹೋಗುತ್ತಿದ್ದ, ಬರುತ್ತಿದ್ದ. ತೆರೆದ ಬಾಗಿಲಿನಿಂದ ಕುಳಿರ್ಗಾಳಿ ನುಗ್ಗಿದರೆ ಕಂಬಳಿ ಹೊದ್ದು ಉಣ್ಣುತ್ತಿದ್ದ. ಬಾಗಿಲು ಹಾಕು ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ಹಾಳು ಬೆಕ್ಕು ಒಳಗೆ ಬಂದು ಹಾಲು ಕುಡಿದುಹೋಗುತ್ತದೆ. ಆ ಬಾಗಿಲಿಗೊಂದು ಅಗುಳಿ ಮಾಡಿಕೊಡಿ."

"ಎಲ್ಲಿಗೆ ಕೂರಿಸಲಿ?" ಎಂದ ಬಡಗಿ.

ಅವಳು ತನ್ನ ಎದೆಮಟ್ಟದಲ್ಲಿ ಬಾಗಿಲ ಮೇಲೆ ಕೈಯಿಟ್ಟು ತೋರಿಸಿದಳು. ಅವನು ಅಲ್ಲಿಗೇ ಕೂರಿಸಿದ. ಆ ದಿನ ಅವಳು ತಾನೇ ಅಗುಳಿ ಹಾಕಿ, ತನ್ನ ತಟ್ಟೆಯನ್ನೂ ತಂದು ಅವನ ಎದುರಿಗೆ ಕೂತಳು. ಬಡಗಿ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನೇ ನೋಡುತ್ತಾ ಕೂತ. "ಯಾಕೆ, ಉಪ್ಪು ಹೆಚ್ಚಾಯಿತಾ?" ಎಂದಳು. "ಇಲ್ಲ, ಹದವಾಗಿದೆ" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿ ಉಳಿದ ಮಜ್ಜಿಗೆ ಕುಡಿದರು. ಗುರುಮಲ್ಲನಿಗೆ ಕತೆ ಹಿಡಿಸಿತು. ಆದರೂ ಒಳಗಿನ ಕೊರೆತ ಬಿಡಲಿಲ್ಲ.

"ಎಲ್ಲ ಸರಿ ಬುದ್ಧಿ. ದೇವರು ಆ ಬಡಗಿಯನ್ನು ಆಣೆ ಮಾಡಿದ ದಿನವೇ ಕ್ಷಮಿಸಿದ. ಅವಳಿಗೆ ಮಾತ್ರ ಅಷ್ಟೊಂದು ಕಾಲ ಯಾಕೆ ಬೇಕಾಯಿತು?"

"ಏಟು ದೇವರಿಗೆ ಬಿದ್ದಿರಲಿಲ್ಲವಲ್ಲಪ್ಪ" ಎಂದರು ಗುರುಗಳು.