ಕಬ್ಬಕ್ಕಿ ಬಲ್ಲ ಹೆಸರು

"ಕೇಳ್ರಪ್ಪೋ ಕೇಳಿ! ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದರೆ ತಲೆ ಹೋಗುತ್ತೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಕಬ್ಬಕ್ಕಿಗಳಿಗೆಲ್ಲ ಬಲೆ!"

ಡಂಗುರ ಊರೂರು ಸುತ್ತಿತು. ಆ ಹಕ್ಕಿ ನಮ್ಮ ನೆಲದ್ದಲ್ಲ. ಕಡಲಾಚೆಯಿಂದ ಮದುವೆಯಾಗಿ ಬಂದ ರಾಣಿ ಒಂದು ಪಂಜರ ತುಂಬ ತಂದಿದ್ದಳು. ಅವಳು ತೀರಿಕೊಂಡಾಗ ಯಾರೋ ಪಂಜರ ತೆರೆದರು. ಆಮೇಲೆ ಪೇಟೆಯ ಸೂರು, ಹೊಲದ ತೆನೆ, ಎಲ್ಲಿ ನೋಡಿದರೂ ಅವೇ. ಜನ "ಪರದೇಶಿ ಪೀಡೆ" ಅಂತ ಶಪಿಸಿದರು. ಮಗಳು ಮಾತ್ರ ಅತ್ತಳು, ಅಮ್ಮನದೆಂದು ಅವಳಿಗೆ ಉಳಿದದ್ದು ಅವಷ್ಟೇ. "ನಿನ್ನನ್ನು ಬಿಟ್ಟು ಆ ಹಕ್ಕಿಯನ್ನು ಬಲ್ಲವರು ಇನ್ನೊಬ್ಬರಿದ್ದರೆ ತೋರಿಸು, ಬಲೆ ಹಾಕಿಸುವುದಿಲ್ಲ" ಅಂದ ರಾಜ. ಅದಕ್ಕೇ ಅವಳು ಮೂರು ಒಗಟು ಹೂಡಿದಳು.

"ಚಳಿಗಾಲಕ್ಕೆ ಮೈತುಂಬ ಚುಕ್ಕಿ. ಬೇಸಿಗೆಗೆ ಗರಿ ಉದುರದೆಯೇ ಚುಕ್ಕಿ ಮಾಯ. ಹೇಗೆ?" ನೆರೆರಾಜ್ಯದ ಯುವರಾಜ "ಮಾಟ" ಅಂದ. ತಲೆ ಹೋಯಿತು. ಆಸ್ಥಾನದ ಪಂಡಿತ ಇದನ್ನು ದಾಟಿದ. "ಹೊಲಕ್ಕೆ ಅದು ಕಳ್ಳನೋ, ಆಳೋ?" ಅಂದದ್ದಕ್ಕೆ "ಕಳ್ಳನೇ!" ಅಂದುಬಿಟ್ಟ. ಅಯ್ಯೋ ಪಾಪ, ಅವನದೂ ಹೋಯಿತು.

ಹುಣ್ಣಿಮೆಯ ಬೆಳಿಗ್ಗೆ ದ್ಯಾಮ ಬಂದ. ಅಟ್ಟದ ಮೇಲೆ ಕೂತು ಕವಣೆ ಬೀಸಿ ಜೋಳ ಕಾಯುವವನು. ಹಿಂದುಮುಂದಿಲ್ಲದ ಒಂಟಿ ಜೀವ. ಊರಿಗೆಲ್ಲ ಅವನು "ಏ ಹಕ್ಕಿಯವನೇ" ಅಷ್ಟೇ.

"ಗರಿಯ ತುದಿ ಮಾತ್ರ ಬಿಳಿ, ಅಮ್ಮಣ್ಣಿ. ಸವೆದು ಹೋಗುತ್ತೆ. ತೆನೆ ಬಲಿತಾಗ ಕಳ್ಳ, ನೇಗಿಲ ಹಿಂದೆ ಹುಳ ಹೆಕ್ಕುವಾಗ ಆಳು. ಅದಕ್ಕೇ ನಾವು ಮೊದಲ ಕಲ್ಲು ಬರಿಗಾಳಿಗೆ ಬೀಸೋದು, ಆಳಿಗೆ ಎಚ್ಚರಿಕೆ ಕೊಟ್ಟ ಹಾಗೆ."

ರಾಜಕುಮಾರಿ ಮೂರನೆಯದನ್ನು ಕೇಳಿದಳು. "ಅಮ್ಮ ನನ್ನನ್ನು ಕರೆಯುತ್ತಿದ್ದ ಹೆಸರು ಯಾವುದು? ಅವಳು ಹೋದ ಮೇಲೆ ಯಾರೂ ಹಾಗೆ ಕರೆದಿಲ್ಲ."

ಇದು ದ್ಯಾಮನಿಗೆ ಹೇಗೆ ಗೊತ್ತಿರಬೇಕು? ಕಟುಕ ಕತ್ತಿ ಎತ್ತಿದ.

"ತಾಳಿ!" ಕೂಗಿದ ದ್ಯಾಮ. "ಆ ಹಕ್ಕಿ ಕೇಳಿದ್ದನ್ನೆಲ್ಲ ಆಡಿ ತೋರಿಸುತ್ತೆ. ಎತ್ತಿನ ಗಂಟೆ, ನಾಯಿ ಬೊಗಳಿದ್ದು, ನನ್ನ ಕೆಮ್ಮು, ಎಲ್ಲ ಗುರುತು ಹಿಡೀತೀನಿ. ಒಂದು ಕೂಗು ಮಾತ್ರ ತಿಳಿಯದು. ಹೆಂಗಸಿನ ದನಿ. 'ತಿಲೀಯಾ' ಅನ್ನುತ್ತೆ."

ರಾಜಕುಮಾರಿ ಪೀಠ ಬಿಟ್ಟು ಇಳಿದು ಬಂದಳು. "ಅದೇ ಹೆಸರು! ಅವಕ್ಕೆ ಇನ್ನೂ ನೆನಪಿದೆಯಾ?"

"ಅಂದು ಕೇಳಿದ ಹಕ್ಕಿಗಳು ಎಂದೋ ಸತ್ತಿರಬೇಕು, ಅಮ್ಮಣ್ಣಿ. ಮರಿಗಳಿಗೆ ಕಲಿಸಿಹೋಗಿವೆ."

ರಾಜ ಬಲೆಗಳನ್ನು ಸುಡಿಸಿದ. "ಏನು ಬೇಕು ಕೇಳು."

"ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ, ಬುದ್ಧಿ. ಅಮ್ಮಣ್ಣಿ ಹೊಲಕ್ಕೆ ಬಂದು ಒಂದು ದಿನ ಕರೆದರೆ ಸಾಕು."

ಅವಳು ಬಂದಳು. ಅಟ್ಟ ಹತ್ತಿ ಸಂಜೆಯವರೆಗೂ ಅಮ್ಮನ ದನಿ ಕೇಳಿದಳು. ನಡುನಡುವೆ "ದ್ಯಾಮಾ" ಅಂತ ಕರೆದಳು. ಮತ್ತೆ ಅರಮನೆಗೆ ಹೋದವಳು ಹೋದಳು, ಅಷ್ಟೇ.

ಮರುವರ್ಷ ತೆನೆ ಬಲಿಯಿತು. ದ್ಯಾಮ ಒಬ್ಬನೇ ಅಟ್ಟದ ಮೇಲೆ ಕವಣೆಗೆ ಕಲ್ಲು ಹೂಡುತ್ತಿದ್ದಾಗ ಜೋಳದ ನಡುವಿಂದ ಕಬ್ಬಕ್ಕಿಯೊಂದು ರಾಜಕುಮಾರಿಯದೇ ದನಿಯಲ್ಲಿ "ದ್ಯಾಮಾ" ಅಂತು.

ಅವನು ಕವಣೆ ಕೆಳಗಿಟ್ಟು "ಓ" ಅಂದ.