ಊದುಗೊಳವೆಯ ಸೇವೆ

ವೈದ್ಯರ ಮೇಜಿನ ಮೇಲೆ ಶ್ವಾಸಕೋಶದ ಶಕ್ತಿ ಅಳೆಯುವ ಊದುಗೊಳವೆಯೊಂದಿತ್ತು. ಅದರ ಪಕ್ಕಕ್ಕೆ ಎರಡು ಲೋಹದ ಹಿಡಿಕೆಗಳು ಬಂದು ಕೂತವು. ಅವನ್ನು ಹಿಡಿದು ಸುಮ್ಮನೆ ಉಸಿರಾಡಿದರೆ ಸಾಕು, ಮೈಯೊಳಗೆ ಹಾಯುವ ನವಿರಾದ ವಿದ್ಯುತ್ತೇ ಅಳತೆ ಹೇಳುತ್ತಿತ್ತು.

“ಊದಿಸದೆ ಅಳೆಯುವುದೂ ಒಂದು ವಿದ್ಯೆಯೇ?” ಎಂದು ಕೊಳವೆ ಒಳಗೊಳಗೇ ಕುದಿಯಿತು. ಅಂಗೈ ತೀರ ಒಣಗಿದ್ದರೆ ಹಿಡಿಕೆಗಳಿಗೆ ಏನೂ ತಿಳಿಯದು ಎಂಬುದು ಅದಕ್ಕೆ ಗೊತ್ತಿತ್ತು.

ಹಿಟ್ಟಿನ ಗಿರಣಿಯ ಗಂಗಮಾಳವ್ವ ಏದುಸಿರು ಬಿಡುತ್ತ ಬಂದಳು.

“ಕೈ ಚೆನ್ನಾಗಿ ಒರೆಸಿಕೊಳ್ಳವ್ವ, ಹೊಸಬರಿಗೆ ಮಡಿ ಜಾಸ್ತಿ,” ಎಂದಿತು ಕೊಳವೆ.

ಆಕೆ ಸೆರಗಿನಿಂದ ಅಂಗೈ ತಿಕ್ಕಿ ಒಣಗಿಸಿದಳು. ಹಿಡಿಕೆಗಳನ್ನು ಹಿಡಿದು ಉಸಿರಾಡಿದರೂ ಅಳತೆ ಮೂಡಲಿಲ್ಲ.

“ಹಾಗಾದರೆ ಇದನ್ನು ಊದಮ್ಮ,” ಎಂದರು ವೈದ್ಯರು.

“ಊದವ್ವ, ಇನ್ನೂ ಊದು!” ಎಂದು ಕೊಳವೆ ಹುರಿದುಂಬಿಸಿತು.

ಆಕೆ ಊದಿದಳು, ಕೆಮ್ಮಿದಳು, ಮೈಯೆಲ್ಲ ಬೆವೆತಳು. ಅಳತೆ ಮಾತ್ರ ಸಿಗಲಿಲ್ಲ. ತಲೆ ಸುತ್ತಿದಂತಾಗಿ, ಕೈಗೆ ಸಿಕ್ಕ ಹಿಡಿಕೆಗಳನ್ನೇ ಬಿಗಿಯಾಗಿ ಹಿಡಿದುಕೊಂಡಳು. ಬೆವೆತ ಅಂಗೈ ತಾಗಿದ್ದೇ ತಡ, ಅಳತೆ ಮೂಡಿತು.

ವೈದ್ಯರು ಆಕೆಗೆ ಔಷಧ ಕೊಟ್ಟು, ಕೊಳವೆಯನ್ನು ಕಪಾಟಿನೊಳಗಿಟ್ಟರು.

“ಬೆವರಿಳಿಸಿದ್ದು ನಾನು!” ಎಂದು ಅದು ಒಳಗಿನಿಂದ ಕೂಗಿತು.

“ಹೌದಣ್ಣ,” ಎಂದವು ಹಿಡಿಕೆಗಳು, “ನಮಗಾಗಿ ನಿನ್ನಷ್ಟು ದುಡಿದವರು ಯಾರೂ ಇಲ್ಲ.”