ಹೆಬ್ಬೆರಳ ಬಾವಿ

ತುಂಗಭದ್ರೆಯ ದಂಡೆಯಲ್ಲಿ, ಹೊಸ ಸೇತುವೆಯಿಂದ ಕೂಗಳತೆಯಷ್ಟು ಕೆಳಗೆ, ಹಿಂದೆ ದೋಣಿ ಕಟ್ಟುತ್ತಿದ್ದ ಜಾಗದ ಪಕ್ಕದಲ್ಲಿ ಹೆಬ್ಬೆರಳ ಬಾವಿ ಇದೆ. ಕಲ್ಲಿನ ಕಟ್ಟೆ, ಇಳಿಯಲು ಹನ್ನೊಂದು ಮೆಟ್ಟಿಲು, ಒಂದು ಹೊಂಗೆಯ ಮರ, ಅದರಡಿ ತಂಪು ಪಾನೀಯದ ಒಂದು ಅಂಗಡಿ. ಹೆಸರು ಕೇಳಿ ಬಂದವರು ಇದು ಗುರುದಕ್ಷಿಣೆಯ ಪುರಾಣಕ್ಕೆ ಸೇರಿದ ಜಾಗವೆಂದು ಕೈಮುಗಿಯುತ್ತಾರೆ. ಮುಗಿಯಲಿ ಬಿಡಿ, ಕೈಮುಗಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಇದು ಪುರಾಣದ ಸಂಗತಿಯಲ್ಲ, ನಮ್ಮ ಹಿರಿಯರ ಹಟದ ಸಂಗತಿ. ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಹಿಂದೆ ಒಮ್ಮೆ, ಹೊಳೆಯ ಆಚೆಗೊಂದು ಸರ್ಕಾರ, ಈಚೆಗೊಂದು ಸರ್ಕಾರ ಇದ್ದ ಕಾಲದಲ್ಲಿ, ಮೋದಿನಸಾಬ ಎಂಬವನು ಹೆಂಡತಿ ಹುಸೇನಬಿಯೊಡನೆ ಇಲ್ಲಿ ಸೋಡಾ ಮಾಡುತ್ತಿದ್ದನಂತೆ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಗ್ಯಾಸು ತುಂಬಿ, ಸೀಸೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಾವಿಯಲ್ಲಿ ಮುಳುಗಿಸಿಡುವನು. ಗಿರಾಕಿ ಬಂದಾಗ ಸೀಸೆಯ ಕೊರಳಲ್ಲಿ ಕೂತ ಗಾಜಿನ ಗುಂಡನ್ನು ಬಲಗೈ ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಕೊಡುವನು. ಅದೇ ನೀರು, ಅದೇ ಸೀಸೆ. ದಕ್ಷಿಣ ದಂಡೆಯವರು ಅದನ್ನು ಗೋಲಿಸೋಡಾ ಎನ್ನುತ್ತಿದ್ದರು, ಉತ್ತರ ದಂಡೆಯವರು ಗುಂಡಿನ ಸೋಡಾ ಎನ್ನುತ್ತಿದ್ದರು, ಘಟ್ಟದ ಕಡೆಯಿಂದ ಬಂದವರಿಗೆ ಅದು ಗ್ಯಾಸಿನ ನೀರು. ಕೆಂಪು ಬಣ್ಣ ಬೆರೆಸಿದರಂತೂ ಒಬ್ಬರಿಗೆ ಕಲರ್, ಇನ್ನೊಬ್ಬರಿಗೆ ಶರಬತ್ತು. ಮೋದಿನಸಾಬನದೊಂದು ರೂಢಿಯಿತ್ತು. ಕೇಳಿದವನು ಹೇಳಿದ ಹೆಸರನ್ನೇ ತಾನೂ ಒಮ್ಮೆ ಹೇಳಿ, ಆಮೇಲೆ ಗುಂಡು ಒತ್ತುವುದು. ಹೀಗಾಗಿ ಎರಡೂ ದಂಡೆಯವರು ಸಾಬಣ್ಣ ನಮ್ಮವನೆಂದೇ ನಂಬಿದ್ದರು.

ಒಂದು ಬೇಸಿಗೆಯ ಸಂತೆಯ ದಿನ, ನಡುಮಧ್ಯಾಹ್ನ, ಎರಡೂ ಕಡೆಯ ಗಾಡಿಯವರು ಒಟ್ಟಿಗೆ ಬಂದಿಳಿದರು. ಬಾವಿಯಲ್ಲಿ ತಣಿದ ಸೀಸೆ ಒಂದೇ ಉಳಿದಿತ್ತು. ಈ ಕಡೆಯ ತಿಪ್ಪೇರುದ್ರ ಗೋಲಿಸೋಡಾ ಎಂದ, ಆ ಕಡೆಯ ಯಮನಪ್ಪ ಗುಂಡಿನ ಸೋಡಾ ಎಂದ. ಇಬ್ಬರೂ ಅರ್ಧರ್ಧ ಕುಡಿದಿದ್ದರೆ ಮುಗಿಯುತ್ತಿತ್ತು. ನಮ್ಮವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? "ನೀನ ಹೇಳು ಸಾಬಣ್ಣ, ಇದರ ಖರೇ ಹೆಸರು ಯಾವುದು? ಯಾರ ಹೆಸರು ಹೇಳ್ತಿಯೋ ಅವರಿಗೆ ಸೀಸೆ," ಎಂದು ಯಮನಪ್ಪ ಪಟ್ಟು ಹಿಡಿದ. ತಿಪ್ಪೇರುದ್ರನೂ ಆಗಲಿ ಎಂದ. ಮೋದಿನಸಾಬ ಬಾಯಿ ಬಿಡಲಿಲ್ಲ. ಒಂದು ಹೆಸರು ಹೇಳಿದರೆ ಇನ್ನೊಂದು ದಂಡೆ ತನಗೆ ಶಾಶ್ವತವಾಗಿ ಮುಚ್ಚಿಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಮೌನಕ್ಕೆ ಎರಡೂ ಕಡೆಯವರು ರೇಗಿ, ಆಗಷ್ಟೇ ಗ್ಯಾಸು ತುಂಬಿ ಬಿಸಿಲಲ್ಲಿಟ್ಟಿದ್ದ ಸೀಸೆಗಳ ಪೆಟ್ಟಿಗೆಗೆ ಕೈ ಹಾಕಿದರು. "ಇನ್ನೂ ನೀರಾಗ ಮುಳುಗಿಸಿಲ್ಲ, ಮುಟ್ಟಬ್ಯಾಡ್ರಿ, ಸಿಡೀತಾವ," ಎಂದು ಹುಸೇನಬಿ ಕೂಗಿದಳು. ಯಾರು ಕೇಳಬೇಕು? ತಿಪ್ಪೇರುದ್ರ ಹಿಡಿದ ಸೀಸೆಯನ್ನು ಯಮನಪ್ಪ ಎಳೆದ. ಎಳೆದಾಟದಲ್ಲಿ ಅದು ಕುಲುಕುವುದನ್ನು ಕಂಡ ಮೋದಿನಸಾಬ ನಡುವೆ ನುಗ್ಗಿ, ಇಬ್ಬರ ಮುಖದೆದುರಿನಿಂದ ಅದನ್ನು ಕಸಿದುಕೊಂಡ. ಸೀಸೆ ಅವನ ಬಲ ಮುಷ್ಟಿಯಲ್ಲೇ ಸಿಡಿಯಿತು. ಹೆಬ್ಬೆರಳು ಹಾರಿ ಬಾವಿಗೆ ಬಿತ್ತು ಎನ್ನುತ್ತಾರೆ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಯಂತ್ರ ತಿರುಗಿಸುವುದನ್ನೂ ಗುಂಡು ಒತ್ತುವುದನ್ನೂ ಹುಸೇನಬಿ ಕಲಿತಳು. ಗಾಡಿಯವರು ತಲೆ ತಗ್ಗಿಸಿಕೊಂಡು ಬಂದರು. ಮೊದಲು ಬಂದ ಯಮನಪ್ಪ ಬಾಯಿ ತಪ್ಪಿ ಮೊದಲಿನಂತೆಯೇ ಹೆಸರು ಹೇಳಿ ಕೇಳಿದ. "ಹೆಸರು ಹೇಳಿದವರಿಗೆ ಇಲ್ಲೆ ಬಾವಿ ನೀರೂ ಇಲ್ಲ," ಎಂದಳು ಹುಸೇನಬಿ. ಅವನು ಮಾತಿಲ್ಲದೆ ತನ್ನ ಬಲಗೈ ಹೆಬ್ಬೆರಳನ್ನು ಗುಂಡು ಒತ್ತುವವನಂತೆ ಕೆಳಕ್ಕೆ ಅದುಮಿ ತೋರಿಸಿದ. ಆಗ ಸೀಸೆ ಕೊಟ್ಟಳು. ಅಂದಿನಿಂದ ಇಲ್ಲಿ ಕೇಳುವ ಬಗೆ ಅದೇ. ಈಗ ಸೀಸೆಗೆ ತಿರುಪಿನ ಮುಚ್ಚಳ ಬಂದಿದೆ, ಒತ್ತಲು ಗುಂಡಿಲ್ಲ. ಆದರೂ ಎರಡೂ ಜಿಲ್ಲೆಯ ಲಾರಿಯವರು ಬಾಯಿ ತೆರೆಯದೆ ಹೆಬ್ಬೆರಳು ಅದುಮುತ್ತಾರೆ.

ಇದು ಮೋದಿನಸಾಬನಿಗೆ ಸಲ್ಲಿಸುವ ಮರ್ಯಾದೆ ಎಂದು ಜನ ಹೆಮ್ಮೆಯಿಂದ ಹೇಳುತ್ತಾರೆ. ಮರ್ಯಾದೆಯಂತೆ ಮರ್ಯಾದೆ! ಊರೆಲ್ಲ ಹೆಬ್ಬೆರಳು ತೋರಿಸಿ ಕುಡಿಯುವಾಗ ಅವನೊಬ್ಬನಿಗೆ ತೋರಿಸಲು ಬೆರಳಿರಲಿಲ್ಲ. ಎಡಗೈಯಲ್ಲಿ ಕೇಳುವವನಲ್ಲ, ಹೆಸರು ಹೇಳಿ ಹೆಂಡತಿಯ ಮಾತು ಮೀರುವವನೂ ಅಲ್ಲ. ಮರುವರ್ಷದ ಬೇಸಿಗೆಯಿಡೀ ತನ್ನದೇ ಸೋಡಾವನ್ನು ಜನ ಕುಡಿಯುವುದನ್ನು ನೋಡುತ್ತ ಒಣಬಾಯಲ್ಲಿ ಕೂತಿದ್ದನಂತೆ. ಇದು ಅರಿವಿಗೆ ಬಂದ ದಿನ ಹುಸೇನಬಿ ಗಿರಾಕಿಗಳನ್ನು ಬಿಟ್ಟು ಕಟ್ಟೆಯ ಮೇಲೆ ಕೂತು ಅತ್ತಳಂತೆ. ಬೆಳಿಗ್ಗೆ ಬೇಗ ಹೋದವರಿಗೆ ಇಂದೂ ಕಾಣುತ್ತದೆ: ಅಂಗಡಿ ತೆರೆದವರು ಮೊದಲ ಸೀಸೆಯನ್ನು, ಯಾರೂ ಕೇಳದೆಯೇ, ಬಿಚ್ಚಿ ಬಾವಿಕಟ್ಟೆಯ ಮೇಲಿಡುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಗ್ಯಾಸು ಹೋಗಿ ಬರೀ ಸಿಹಿನೀರು ಉಳಿದಿರುತ್ತದೆ.